ಅಕ್ಕನಿಗೊಂದು ಖಾಲಿ ಚಾನೆಲ್

ಮೂಡಲಗಿಯಲ್ಲಿರುವ ನನ್ನ ಅಕ್ಕನಿಗೆ ಕಿವಿ ಮಂದವಾಗಿ ಬಹಳ ವರ್ಷಗಳಾದವು. ಹಿಯರಿಂಗ್ ಏಡ್ ಇದೆ, ಆದರೆ ಗದ್ದಲದಲ್ಲಿ ಅದು ಗದ್ದಲವನ್ನೇ ದೊಡ್ಡದು ಮಾಡುತ್ತದೆ. ಅದಕ್ಕೇ ಆಕೆಯ ಮೊಮ್ಮಗಳ ಮದುವೆಗೆ ಗೋಕಾಕಕ್ಕೆ ಹೊರಟಾಗ ನಮ್ಮೂರು ಹುಕ್ಕೇರಿಯಿಂದ ಒಂದು ವೈರ್‌ಲೆಸ್ ಮೈಕ್ ಸೆಟ್ ಒಯ್ದೆ. ಮಾತಾಡುವವರ ಸೆರಗಿಗೆ ಮೈಕ್ ಸಿಕ್ಕಿಸಿದರೆ ಸಾಕು, ಅಕ್ಕನ ಮಡಿಲಲ್ಲಿರುವ ರಿಸೀವರಿಗೆ ದನಿ ಬಂದು ಹೆಡ್‌ಫೋನಿನಲ್ಲಿ ಕೇಳುತ್ತದೆ.

ಅಕ್ಕನಿಗೆ ಬೇಕಾಗಿದ್ದು ಒಂದೇ: ಹುಡುಗಿ ಗಂಡನ ಹೆಸರನ್ನು ಪ್ರಾಸದಲ್ಲಿ ಸುತ್ತಿ ಹೇಳುವ ಒಡಪು. ಕಲಿಸಿದವಳೂ ತಾನೇ.

"ತುಟಿ ನೋಡಿ ಗೋಣು ಹಾಕಿ ಹಾಕಿ ಸಾಕಾಗೇತಿ. ಖರೇನ ಕೇಳಬೇಕು ನಂಗ," ಅಂದಿದ್ದಳು.

ಬೆಳಿಗ್ಗೆಯೇ ಹುಡುಗಿಯ ಸೆರಗಿಗೆ ಮೈಕ್ ಸಿಕ್ಕಿಸಿ ಟೆಸ್ಟ್ ಮಾಡಿದೆ, ಪರ್ಫೆಕ್ಟ್ ಆಗಿತ್ತು. ಅಕ್ಷತೆ ಮುಗಿದು, ಹೆಂಗಸರು ಹುಡುಗಿಯನ್ನು ಸುತ್ತುವರಿದು "ಹೇಳವಾ, ಹೆಸರ ಹೇಳು" ಎಂದು ಕಾಡತೊಡಗಿದಾಗ ಹೆಡ್‌ಫೋನ್ ಹಾಕಿಕೊಂಡಿದ್ದ ಅಕ್ಕ ಹುಬ್ಬು ಗಂಟಿಕ್ಕಿದಳು.

"ಯಾರೋ ಊಟಕ್ಕ ಕರ್ಯಾಕತ್ತಾರಲ್ಲ."

"ನಮ್ಮಲ್ಲಿ ಇನ್ನೂ ಎಲಿ ಹಾಕಿಲ್ಲ ಅಕ್ಕಾ."

"ಹಂಗಾರ ಬಾಜೂ ಮದವಿ ಹಾಲ್‌ನವ್ರು. ನಡಿ, ಅಲ್ಲೇ ಉಂಡ ಬರೂನು. ಹುಗ್ಗಿ ಮಾಡ್ಯಾರಂತ."

ನಾನು ಹುಡುಗಿಯ ಮೈಕ್ ಆಫ್ ಮಾಡಿದೆ. ಆದರೂ ರಿಸೀವರಿನ ಸಿಗ್ನಲ್ ಗೆರೆಗಳು ಕುಣಿಯುತ್ತಲೇ ಇದ್ದವು. ಬೆಳಿಗ್ಗೆ ನಾನು ಪರೀಕ್ಷಿಸಿದಾಗ ಆ ರಸ್ತೆಯ ಹಾಲ್‌ಗಳೆಲ್ಲ ಇನ್ನೂ ಎದ್ದಿರಲೇ ಇಲ್ಲ. ಈಗ ಎಲ್ಲರ ಮೈಕುಗಳೂ ಬಾಯಿಬಿಟ್ಟಿದ್ದವು, ಒಂದು ನಮ್ಮ ಚಾನೆಲ್ಲಿಗೇ ನುಗ್ಗಿತ್ತು.

ಹೆಡ್‌ಫೋನ್ ನನ್ನ ಕಿವಿಗಿಟ್ಟುಕೊಂಡು ಒಂದೊಂದೇ ಚಾನೆಲ್ ಬದಲಿಸಿದೆ. ಒಂದರಲ್ಲಿ ಯಾರದೋ ಮಂತ್ರ, ಇನ್ನೊಂದರಲ್ಲಿ ಆಹೇರಿ-ಉಡುಗೊರೆ ಕೊಟ್ಟವರ ಊರುಗಳು, ಮತ್ತೊಂದರಲ್ಲಿ ಬರೀ ಕೆಮ್ಮು. ನಾನು ಓದಿದ ಕಾನ್ವೆಂಟಿನ ಫಿಸಿಕ್ಸ್ ಪೀರಿಯಡ್‌ನಲ್ಲಿ ವೇವ್ಸ್ ಎಂದರೆ ಬೋರ್ಡಿನ ಮೇಲೆ ಹಾವಿನಂಥ ಒಂದು ಗೆರೆ, ಅಷ್ಟೇ. ಆ ಗೆರೆಯ ಮೇಲೆ ಇಷ್ಟು ಜನ ಓಡಾಡುತ್ತಾರೆಂದು ಸಿಸ್ಟರ್ ಹೇಳಿರಲಿಲ್ಲ. ನನಗೆ ಕೆಲಸವೇ ಮರೆತುಹೋಗುವಂತಿತ್ತು.

"ಆಯಿ, ನಾ ಎಷ್ಟೊತ್ತಂತ ನಾಚಿಕೋತ ಕುಂದರ್ಲಿ?" ಹುಡುಗಿ ಈ ಚಿಕ್ಕಜ್ಜಿಯನ್ನು ಕೇಳಿದಳು.

"ಒನ್ ಮಿನಿಟ್. ಇನ್ನ ಸ್ವಲ್ಪ ನಾಚವಾ."

ಕೊನೆಗೆ ಒಂದು ಚಾನೆಲ್‌ನಲ್ಲಿ ಗೆರೆಗಳೆಲ್ಲ ಮಲಗಿದವು. ಕಂಪ್ಲೀಟ್ ಸೈಲೆನ್ಸ್. ಮದುವೆಮನೆಯ ನಡುವೆ ಅಂಥ ಜಾಗ ಸಿಕ್ಕಿತಲ್ಲ ಎಂದು ಒಂದು ಕ್ಷಣ ಅದನ್ನೇ ಕೇಳಿದೆ. ಮೈಕನ್ನೂ ಅದೇ ಚಾನೆಲ್‌ಗೆ ತಂದು ಆನ್ ಮಾಡಿ, ಹೆಡ್‌ಫೋನ್ ಅಕ್ಕನಿಗೆ ಹಾಕಿದೆ.

ಹುಡುಗಿ ಹೇಳಿದಳು. ಹೆಂಗಸರೆಲ್ಲ ಹೋ ಎಂದು ನಕ್ಕರು. ಅಕ್ಕ ಮಾತ್ರ ಗೋಣು ಹಾಕಲಿಲ್ಲ.

"ನಾ ಕಲಿಸಿದ್ದ ಇದಲ್ಲ," ಅಂದಳು. "ಎರಡನೇ ಸಾಲ ತಾನ ಕಟ್ಟ್ಯಾಳ, ಕಳ್ಳಿ."

ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಳು.

"ಇನ್ನೊಮ್ಮೆ ಹೇಳಸ ಆಕೀ ಕಡಿಂದ. ಬಾಜೂದವ್ರು ಮತ್ತ ಬರೂದರಾಗ."