ಕಾಕಾನ ಮೌನವ್ರತ

ಅಪ್ಪನ ತಮ್ಮ, ನನ್ನ ಕಾಕಾ, ತೆಲುಗು ಸೀಮೆಯ ಕುಷಾಯಿಗೂಡದಲ್ಲಿ ಮನೆ ಮಾಡಿಕೊಂಡಿದ್ದ ಸರ್ಕಾರಿ ಅಧಿಕಾರಿ. ಕಾಲೇಜು ಓದಲೆಂದು ನಾನು ಅವರ ಮನೆಯಲ್ಲೇ ಇದ್ದೆ. ಒಂದು ಶ್ರಾವಣದಲ್ಲಿ ಅವರಿಗೆ ಲೋಕದ ಮಾತೆಲ್ಲ ಬೇಸರವಾಗಿ, ಗುರುವಾರಗಳಂದು ಮೌನವ್ರತ ಹಿಡಿದರು. ಭಾನುವಾರ ಹಿಡಿಯಬಹುದಿತ್ತು. ಆದರೆ ಅಂದು ಆಫೀಸಿಗೆ ರಜೆ, ನೋಡುವವರು ಯಾರು?

ಮನೆಯ ಮೂಲೆಯಲ್ಲಿ ಕೂತು ಮೌನ ಆಚರಿಸುವಷ್ಟು ಸಣ್ಣ ಮನಸ್ಸು ಕಾಕಾನದಲ್ಲ. ಗುರುವಾರ ಸಂಜೆ ತಪ್ಪದೆ ನನ್ನನ್ನು ಕರೆದುಕೊಂಡು ತರಕಾರಿ ಪೇಟೆಗೆ ಹೊರಡುತ್ತಿದ್ದರು. ಯಾರಾದರೂ ಮಾತಾಡಿಸಿದರೆ ತುಟಿಗೆ ಬೆರಳಿಟ್ಟು, ಕಣ್ಣು ಅರ್ಧ ಮುಚ್ಚಿ ನನ್ನತ್ತ ತಿರುಗುವರು. ಕಾಕಾ ಮೌನದಲ್ಲಿದ್ದಾರೆ ಎಂದು ನಾನು ತೆಲುಗಿನಲ್ಲೋ ಹಿಂದಿಯಲ್ಲೋ ಸಾರಬೇಕು. 'ಪ್ರತಿ ವಾರವೂ' ಎನ್ನುವುದನ್ನು ಮರೆತರೆ ಮೊಣಕೈಯಿಂದ ತಿವಿಯುತ್ತಿದ್ದರು.

ಮನೆಯಲ್ಲಂತೂ ಆ ದಿನ ಗದ್ದಲವೋ ಗದ್ದಲ. ಚಹಾಕ್ಕೆ ಚಪ್ಪಾಳೆ, ನೀರಿಗೆ ಮೇಜು ಬಡಿತ.

"ಉಳಿದ ದಿನ ಕರದ್ರ ಕೇಳಿಸಲಿಲ್ಲ ಅಂತ ಸುಮ್ಮನಿರಬಹುದು," ಎನ್ನುತ್ತಿದ್ದಳು ಕಾಕಾನ ಹೆಂಡತಿ, ನನ್ನ ಕಾಕು. "ಇವತ್ತ ಬಂದು ಮಾರಿ ನೋಡೇ ತಿಳ್ಕೋಬೇಕು."

ಹೀಗಿರುವಾಗ ಎದುರು ಮನೆಯ, ರಾಯಚೂರು ಕಡೆಯ ಬಟ್ಟೆ ವ್ಯಾಪಾರಿ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿಬಿಟ್ಟರು. ಒಂದು ದಿನವಲ್ಲ, ವಾರಪೂರ್ತಿ. ಓಣಿಯ ಹೆಂಗಸರು ಅವರನ್ನು ಕಂಡರೆ ಕೈ ಮುಗಿಯತೊಡಗಿದರು. ಕಾಕಾನಿಗೆ ಊಟ ಸೇರಲಿಲ್ಲ.

"ದಿನಾ ಮೌನ ಮಾಡೂದು ಎಲ್ಲಿ ಐತಿ? ಎಲ್ಲಾ ಮಂದಿಗೆ ತೋರಿಸಾಕ," ಎಂದರು, ಬಹಳ ನೊಂದು.

ನಿಜ ತಿಳಿದು ಬರಲು ನನ್ನನ್ನೇ ಕಳಿಸಿದರು. ವ್ಯಾಪಾರಿಯ ಹೆಂಡತಿ ಮುಚ್ಚುಮರೆಯಿಲ್ಲದೆ ಹೇಳಿದರು: "ಗಂಟಲದಾಗ ಬಾವು ಬಂದೈತಪ್ಪಾ. ಮಾತಾಡಬ್ಯಾಡ್ರಿ ಅಂದಾರ ಡಾಕ್ಟರು."

ಸುದ್ದಿ ಕೇಳಿ ಕಾಕಾನ ಮುಖಕ್ಕೆ ಕಳೆ ಬಂತು. ಅಂದು ಗುರುವಾರ. ಶುಕ್ರವಾರದವರೆಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಮನೆಮನೆಗೆ ಹೋಗಿ, "ಅದು ವ್ರತ ಅಲ್ಲರಿ, ಬ್ಯಾನಿ," ಎಂದು ಹೇಳಿ ಬಂದರು.

"ಇವತ್ತ ಗುರುವಾರ ಅಲ್ಲೇನು?" ಎಂದಳು ಕಾಕು.

"ಸತ್ಯಾ ಹೇಳಾಕ ಮೌನ ಅಡ್ಡ ಬರಬಾರದು," ಎಂದರು ಕಾಕಾ.

ಸತ್ಯವನ್ನು ಯಾರೂ ನಂಬಲಿಲ್ಲ, ಹೊಟ್ಟೆಕಿಚ್ಚು ಎಂದುಕೊಂಡರು. ಅತ್ತ ವ್ಯಾಪಾರಿಯ ಗಂಟಲು ವಾಸಿಯಾಯಿತು. ಆದರೆ ಅಷ್ಟರಲ್ಲಿ ಮನೆಗೆ ಹಣ್ಣು, ಹೂವು ಬರತೊಡಗಿದ್ದವು, ಮದುವೆಯಾಗಬೇಕಾದ ಹುಡುಗಿಯರನ್ನು ಆಶೀರ್ವಾದಕ್ಕೆ ಕರೆತರುತ್ತಿದ್ದರು. ಮಾತಾಡಿ ಅದನ್ನೆಲ್ಲ ಕೆಡಿಸಿಕೊಳ್ಳುವಷ್ಟು ದಡ್ಡರಲ್ಲ ಅವರು. ಮೌನ ಮುಂದುವರಿಯಿತು.

ದೀಪಾವಳಿ ಕಳೆದ ಮೇಲೆ ಓಣಿಯ ಕನ್ನಡಿಗರು ಸೇರಿ ಅವರಿಗೆ ಶಾಲು ಹೊದಿಸಿದರು. ಸನ್ನೆಯಲ್ಲೇ ಹರಸಿ ಎಂದು ಕೇಳಿಕೊಂಡರೆ, ವ್ಯಾಪಾರಿ ಮೈಕು ಹಿಡಿದು ಮೌನದ ಮಹಿಮೆಯನ್ನು ವಿವರಿಸತೊಡಗಿದರು. ತಿಂಗಳುಗಟ್ಟಲೆ ಕೂಡಿಟ್ಟ ಮಾತು, ಉಪ್ಪಿಟ್ಟು ಆರಿ ತಣ್ಣಗಾದರೂ ಮುಗಿಯಲಿಲ್ಲ. ಜನ ಕಣ್ಣೀರು ಒರೆಸಿಕೊಂಡರು. ಮುಂದಿನ ಸಾಲಿನಲ್ಲಿದ್ದ ಕಾಕಾ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಮನೆಗೆ ಬಂದವರೇ, "ಮೌನದಾಗ ಈಗ ಏನೂ ಉಳದಿಲ್ಲ, ಭಾಳ ಮಂದಿ ಸೇರ್ಯಾರ," ಎಂದು ವ್ರತ ಬಿಟ್ಟರು. ಬದಲಿಗೆ ಶನಿವಾರದ ಉಪವಾಸ ಹಿಡಿದರು. ಆಮೇಲೆ ಶನಿವಾರದ ಒಂದು ಮದುವೆ, ಒಂದು ನಾಮಕರಣವನ್ನೂ ಅವರು ತಪ್ಪಿಸಲಿಲ್ಲ. ಊಟದ ಪಂಕ್ತಿಯ ಎದುರಿಗೇ ಕುರ್ಚಿ ಹಾಕಿಸಿಕೊಂಡು, ಬಡಿಸಲು ಬಂದವರಿಗೆಲ್ಲ ನಗುನಗುತ್ತಾ ಬೇಡವೆನ್ನುತ್ತಿದ್ದರು.