ತಾಕತ್ತಿನ ಗುಳಿಗೆ

ಸುಮಿತ್ರಾ, ನಿನಗೆ ಆ ಗುಳಿಗೆ ಕೊಟ್ಟವಳು ನಾನೇ. ಅಂದು ಡಾಕ್ಟರ ಮುಂದೆ ನೀನು ಹೇಳಿದ್ದು ನಿಜ, ಇಲ್ಲವೆಂದು ನಾನು ಹೇಳಿದ್ದು ಸುಳ್ಳು. ಇದನ್ನು ಬರೆದು ತಿಳಿಸಲು ಇಷ್ಟು ವರ್ಷ ಬೇಕಾಯಿತು — ಬೇಕಾಯಿತು ಎನ್ನುವುದೂ ನಯದ ಮಾತೇ. ಹೇಳದೆ ಇದ್ದುಬಿಟ್ಟೆ, ಅಷ್ಟೇ.

ಆ ದಿನಗಳನ್ನು ನೆನೆದರೆ ನನಗೆ ಮೊದಲು ಕಾಣುವುದು ಬಸ್ಸಿನ ಕಿಟಕಿ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ವಿದ್ಯಾನಗರದಲ್ಲಿ ನಾವಿಬ್ಬರೂ ಧಾರವಾಡದ ಬಸ್ಸು ಹತ್ತುತ್ತಿದ್ದೆವು, ಲಕಮನಹಳ್ಳಿಯಲ್ಲಿ ಇಳಿದು ನಾವು ಕಲಿಸುತ್ತಿದ್ದ ಶಾಲೆಗೆ ನಡೆಯುತ್ತಿದ್ದೆವು. ಚಳಿಗಾಲದಲ್ಲಿ ರಾಯಾಪುರ ದಾಟುವಾಗ ಮಂಜು ರಸ್ತೆಯ ಮೇಲೇ ಕೂತಿರುತ್ತಿತ್ತು. ನವಲೂರಿನಲ್ಲಿ ಪೇರಲದ ಬುಟ್ಟಿಗಳು ಹತ್ತಿದವೆಂದರೆ ಬಸ್ಸಿಗೆ ಬಸ್ಸೇ ಘಮ್ಮೆನ್ನುತ್ತಿತ್ತು. ನೀನು ನನ್ನ ಹೆಗಲಿಗೆ ತಲೆಯಿಟ್ಟು ಮಾತಿಲ್ಲದೆ ಕೂರುತ್ತಿದ್ದೆ. ನಿನ್ನ ತಾಯಿ ತೀರಿಕೊಂಡ ಮೇಲೆ ನಿನಗೆ ಮಾತೇ ಕಡಿಮೆಯಾಗಿತ್ತು. ನಮ್ಮಿಬ್ಬರಲ್ಲಿ ಒಂದು ರೂಢಿ ಇತ್ತು, ನೆನಪಿದೆಯೇ? ಯಾರು ಏನೇ ತಂದರೂ ಅದರಲ್ಲಿ ಇನ್ನೊಬ್ಬಳ ಪಾಲು ಇರಲೇಬೇಕು. ರೊಟ್ಟಿ, ಶೇಂಗಾ ಚಟ್ನಿ, ಅರ್ಧ ಮಾಲೆ ಮಲ್ಲಿಗೆ. ಆ ರೂಢಿಯ ಮೇಲೆಯೇ ನಾನು ನನ್ನ ಮನಸ್ಸಿನಲ್ಲಿ ತಪ್ಪನ್ನೆಲ್ಲ ಹೊರಿಸಿ ಪಾರಾಗಲು ನೋಡಿದ್ದೆ.

ನಿನಗೆ ಗುಳಿಗೆ ಕೊಡುವ ಹಿಂದಿನ ವರ್ಷ ನನಗೇ ಏನೋ ಆಗಿತ್ತು. ಬೆಳಿಗ್ಗೆ ಹಾಸಿಗೆಯಿಂದ ಏಳುವುದು ಗುಡ್ಡ ಹತ್ತಿದ ಹಾಗೆ. ಮಕ್ಕಳ ಹಾಜರಿ ಕರೆಯುವಾಗ ಅಳು ಬರುತ್ತಿತ್ತು. ತಲೆಶೂಲೆಗೆ ತೋರಿಸಿ ಬರುತ್ತೇವೆ ಎಂದು ಅತ್ತೆಗೆ ಹೇಳಿ, ನಮ್ಮವರು ನನ್ನನ್ನು ಮಾನಸಿಕ ರೋಗದ ಡಾಕ್ಟರಲ್ಲಿಗೆ ಕರೆದೊಯ್ದರು. ಅವರು ಗುಳಿಗೆ ಬರೆದುಕೊಟ್ಟರು. ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ, ಮೊದಮೊದಲು ಬಾಯಿ ಒಣಗಬಹುದು, ಹೊಟ್ಟೆ ತೊಳಸಬಹುದು, ಹೆದರಬೇಡಿ ಎಂದರು. ಆಮೇಲೆ ಕನ್ನಡಕ ತೆಗೆದು ಇನ್ನೊಂದು ಮಾತು ಹೇಳಿದರು: "ಇದು ನಿಮಗಂತ ನೋಡಿ ಬರದದ್ದು. ಛಲೋ ಆತಂತ ಒಮ್ಮಿಗೇ ಬಿಡಬ್ಯಾಡ್ರಿ. ಛಲೋ ಆತಂತ ಮಂದಿಗೂ ಕೊಡಬ್ಯಾಡ್ರಿ."

ಕೇಳಿಸಿಕೊಂಡಿದ್ದೆ. ಕಿವಿ ನೆಟ್ಟಗೇ ಇತ್ತು.

ಅವರು ಹೇಳಿದ ಹಾಗೆಯೇ ಆಯಿತು. ಬಾಯಿ ಒಣಗಿತು, ಸೀಮೆಸುಣ್ಣ ಹಿಡಿದ ಕೈ ಸಣ್ಣಗೆ ನಡುಗಿತು, ಬಣ್ಣಬಣ್ಣದ ಕನಸುಗಳು ಬಿದ್ದವು — ಎಚ್ಚರವಾದ ಮೇಲೂ ಬಿಡದಂಥ ಕನಸುಗಳು, ಬಸ್ಸಿನಲ್ಲಿ ಕೂತರೂ ಅವುಗಳ ಒಳಗೇ ಕೂತಂತೆ. ಆಮೇಲೆ ನಿಧಾನಕ್ಕೆ ಒಳಗಿನ ಭಾರ ಇಳಿಯಿತು. ಅಂಗಳದ ದಾಸವಾಳ ಕೆಂಪಗಿದೆ ಎಂದು ಒಂದು ಬೆಳಿಗ್ಗೆ ನನಗೆ ಮತ್ತೆ ಗೊತ್ತಾಯಿತು. ನಾನು ಅತ್ತುಬಿಟ್ಟೆ, ಸಂತೋಷಕ್ಕೆ.

ಆದರೆ ನಾಚಿಕೆ ಇಳಿಯಲಿಲ್ಲ. ಅತ್ತೆಯ ಕಣ್ಣಿಗೆ ಬೀಳಬಾರದೆಂದು ಗುಳಿಗೆಗಳನ್ನು ಪಟ್ಟಿಯಿಂದ ಬಿಡಿಸಿ, ಖಾಲಿಯಾದ ವಿಟಮಿನ್ ಬಾಟಲಿಯಲ್ಲಿ ತುಂಬಿಟ್ಟುಕೊಂಡೆ. ಅದನ್ನೇ ಚೀಲದಲ್ಲಿ ಒಯ್ಯುತ್ತಿದ್ದೆ. ನೀನು ನೋಡಿದೆ.

"ವಿಮಲಕ್ಕ, ಈ ತಾಕತ್ತಿನ ಗುಳಿಗಿ ಸುರು ಮಾಡಿದ ಮ್ಯಾಲೆ ನಿಮ್ಮ ಮಾರಿಗೆ ಕಳಿ ಬಂದೈತಿ ನೋಡ್ರಿ. ನನಗೂ ಕೊಡ್ರೆಲ್ಲ."

ಬೇಡ ಎನ್ನಬಹುದಿತ್ತು. ಯಾಕೆ ಎಂದು ನೀನು ಕೇಳುತ್ತಿದ್ದೆ, ಮತ್ತು ನಾನು — ನಿನ್ನೆದುರಿಗೆ ಕೂಡ ನಾನು ಅಂಥ ಔಷಧ ತಿನ್ನುವವಳಾಗಲು ಸಿದ್ಧಳಿರಲಿಲ್ಲ. ನಿನಗೂ ಒಳ್ಳೆಯದೇ ಆಗುತ್ತದೆ ಎಂದು ಮನಸ್ಸು ಸಮಜಾಯಿಷಿ ಹೇಳಿತು. ನನ್ನದೇ ನೋವು ನಿನ್ನದೂ ಎಂದುಕೊಂಡೆ, ಎಷ್ಟು ಬಲ್ಲವಳ ಹಾಗೆ. ಅವತ್ತೊಂದು ಕೊಟ್ಟೆ. ಆಮೇಲೆ ದಿನವೂ ಕೊಟ್ಟೆ. ಹಳೆಯ ಚೀಟಿ ತೋರಿಸಿದರೆ ಔಷಧದ ಅಂಗಡಿಯವರು ಏನೂ ಕೇಳದೆ ಹೆಚ್ಚಿಗೆ ಕೊಡುತ್ತಿದ್ದರು.

ಕೆಲವು ವಾರಗಳಲ್ಲಿ ನೀನು ಎಷ್ಟು ಚೆಂದವಾದೆ, ಸುಮಿತ್ರಾ. ಬಸ್ಸಿನಲ್ಲಿ ಗುನುಗುತ್ತಿದ್ದೆ, ಕಂಡಕ್ಟರನನ್ನು ಕಾಡಿಸುತ್ತಿದ್ದೆ, ಪೇರಲ ಮಾರುವ ಹೆಂಗಸರ ಜೊತೆ ಚೌಕಾಸಿ ಮಾಡಿ ಅವರನ್ನೇ ನಗಿಸುತ್ತಿದ್ದೆ. ಇದು ನನ್ನ ಕೈಗುಣ ಎಂದು ನಾನು ಒಳಗೊಳಗೇ ಬೀಗಿದೆ. ಆಮೇಲೆ ನೀನು ನಿದ್ದೆ ಬಿಟ್ಟೆ. ರಾತ್ರಿಯೆಲ್ಲ ಕಸೂತಿ ಹಾಕಿದೆನೆಂದು ಸೀರೆಯ ಸೆರಗು ಬಿಡಿಸಿ ತೋರಿಸಿದೆ — ಎಳೆ ತಪ್ಪದ ಗೋಪುರ, ನವಿಲು, ತೇರು, ಒಂದರ ಮೈಮೇಲೆ ಒಂದು, ಬಟ್ಟೆ ಕಾಣದಷ್ಟು. ಕೈಬಳೆ ಬಿಚ್ಚಿ ಮಕ್ಕಳಿಗೆ ಹಂಚಿದೆ. ನಿನ್ನ ಮಾತು ಓಡುತ್ತಿತ್ತು, ನನಗೆ ಹಿಡಿಯಲಾಗುತ್ತಿರಲಿಲ್ಲ. ಇದು ಬರೀ ಸಂತೋಷವಲ್ಲ ಎಂದು ನನಗೆ ಅನ್ನಿಸಿತ್ತು. ಅನ್ನಿಸಿದ ಮೇಲೂ ಬಾಟಲಿಯ ಮುಚ್ಚಳ ತೆಗೆದೆ.

ಒಂದು ಬೆಳಿಗ್ಗೆ ನೀನು ಬಸ್ಸಿಗೆ ಬರಲಿಲ್ಲ. ಬಸ್ಸು ಬಹಳ ನಿಧಾನ ಎಂದು ಧಾರವಾಡದ ಕಡೆಗೆ ನಡೆದೇ ಹೊರಟಿದ್ದೆ, ನಡುರಸ್ತೆಯಲ್ಲಿ, ಲಾರಿಗಳ ಎದುರಿಗೆ. ರಾಯಾಪುರದ ಹತ್ತಿರ ನಿನ್ನ ಯಜಮಾನರು ನಿನ್ನನ್ನು ಹಿಡಿದು ನಿಲ್ಲಿಸಿದಾಗ ನಿನ್ನ ಕಾಲಲ್ಲಿ ಚಪ್ಪಲಿ ಇರಲಿಲ್ಲವಂತೆ. ಆಸ್ಪತ್ರೆಗೆ ನಾನೂ ಬಂದೆ. ನಿನ್ನ ಕೈ ಹಿಡಿದುಕೊಂಡು ಕೂತೆ. ಅದು ಬಿಸಿಯಾಗಿತ್ತು.

"ಇತ್ತಿತ್ಲಾಗ ಹೊಸಾದೇನರೆ ಔಷಧ ತೊಗೊಂಡಾರೇನ್ರಿ?" ಎಂದು ಅಲ್ಲಿಯ ಡಾಕ್ಟರು ಕೇಳಿದರು. ಅವರು ನನ್ನನ್ನು ನೋಡುವ ಡಾಕ್ಟರಲ್ಲ, ಬೇರೆಯವರು.

"ತೊಗೊಂಡೇನ್ರಿ," ಎಂದೆ ನೀನು, ಥಟ್ಟನೆ. "ವಿಮಲಕ್ಕ ಕೊಡ್ತಾರ್ರಿ, ದಿನಾ ಬಸ್ಸಿನ್ಯಾಗ. ತಾಕತ್ತಿನ ಗುಳಿಗಿ."

ಎಲ್ಲರೂ ನನ್ನ ಕಡೆ ತಿರುಗಿದರು. ಬಾಟಲಿ ನನ್ನ ತೊಡೆಯ ಮೇಲಿನ ಚೀಲದಲ್ಲೇ ಇತ್ತು. ಕೈ ಹಾಕಿ ತೆಗೆದು ಮೇಜಿನ ಮೇಲಿಟ್ಟರೆ ಮುಗಿಯುತ್ತಿತ್ತು.

"ಇಲ್ರಿ ಡಾಕ್ಟ್ರ, ನಾ ಏನೂ ಕೊಟ್ಟಿಲ್ಲ. ಪಾಪ, ಅಕಿಗೆ ತಿಳಿವಲ್ದು, ಏನೇನೋ ಮಾತಾಡಾಕತ್ತಾಳ."

ನೀನು ನನ್ನನ್ನು ನೋಡಿದೆ. ಸಿಟ್ಟಿನಿಂದಲ್ಲ — ಸಿಟ್ಟು ಮಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನನ್ನ ಮುಖದಲ್ಲಿ ಏನನ್ನೋ ಹುಡುಕಿದೆ, ಸಿಗಲಿಲ್ಲ. ಆಮೇಲೆ ಮೆಲ್ಲಗೆ ಡಾಕ್ಟರಿಗೆ ಹೇಳಿದೆ: "ಹಂಗಾರ ನನಗ ಕನಸು ಬಿದ್ದಿರಬೇಕ್ರಿ."

ಅವರು ಏನೋ ಬರೆದುಕೊಂಡರು. ನಿನ್ನ ಸತ್ಯವನ್ನು ನಿನ್ನ ಕಾಯಿಲೆಯ ಗುರುತಾಗಿ ಬರೆದುಕೊಂಡಿರಬೇಕು.

ಬಹಳ ದಿನಗಳ ಮೇಲೆ ನನ್ನ ಡಾಕ್ಟರನ್ನು, ಯಾರದೋ ಸುದ್ದಿ ಎಂಬಂತೆ, ಕೇಳಿದೆ. ಕೆಲವರ ಮನಸ್ಸನ್ನು ಈ ಗುಳಿಗೆ ಅಳತೆ ಮೀರಿ ಮೇಲಕ್ಕೆ ಎತ್ತಿಬಿಡುತ್ತದೆ, ಅದಕ್ಕೇ ಹಿಂದಿನದನ್ನೆಲ್ಲ ವಿಚಾರಿಸಿ ಕೊಡುವುದು ಎಂದರು. ಗುಳಿಗೆಯ ಸಂಗತಿ ಗೊತ್ತಿದ್ದರೆ ಚಿಕಿತ್ಸೆಯ ಲೆಕ್ಕವೇ ಬೇರೆಯಾಗುತ್ತಿತ್ತು ಎಂದೂ ಹೇಳಿದರು. ಗುಳಿಗೆ ಕೆಟ್ಟದ್ದಲ್ಲ, ಸುಮಿತ್ರಾ. ನನ್ನನ್ನು ಅದು ಉಳಿಸಿತು. ಅದನ್ನು ಸುಳ್ಳು ಹೆಸರಿಟ್ಟು ನಿನ್ನ ಕೈಗೆ ಹಾಕಿದವಳು ಕೆಟ್ಟವಳು.

ನೀನು ಗುಣವಾದೆ, ಆದರೆ ಶಾಲೆಗೆ ಮತ್ತೆ ಬರಲಿಲ್ಲ. ಒಲೆ ಆರಿಸಿದೆನೇ, ಬಾಗಿಲು ಹಾಕಿದೆನೇ, ನಿನ್ನೆ ಯಾರೋ ಬಂದಿದ್ದರಲ್ಲ ಅದು ಖರೆಯೇ — ಇವತ್ತಿಗೂ ಎಲ್ಲವನ್ನೂ ಯಜಮಾನರನ್ನು ಕೇಳಿಯೇ ನಂಬುತ್ತೀ. ನಿನ್ನ ಕಣ್ಣು ಕಂಡದ್ದನ್ನು ನೀನೇ ನಂಬದ ಹಾಗೆ ಮಾಡಿದ್ದು ನಾನು.

ಮೊನ್ನೆ ನಿಮ್ಮ ಮನೆಗೆ ಬಂದಾಗ ನೀನು ಕುಂಕುಮ ಹಚ್ಚಿ, ಉಡಿ ತುಂಬಿ, ನನ್ನ ಕೈ ಬಿಡಲೇ ಇಲ್ಲ.

"ವಿಮಲಕ್ಕ, ಅವತ್ತ ಡಾಕ್ಟ್ರ ಮುಂದ ನಿಮ್ಮ ಮ್ಯಾಲೆ ಸುಳ್ಳೇ ಹೊರಿಸಿದೆ. ತಲಿ ನೆಟ್ಟಗಿದ್ದಿಲ್ಲ ನನಗ. ಇಷ್ಟು ವರ್ಷ ಮನಸ್ಸಿನ್ಯಾಗ ಕೊರಿಯಾಕತ್ತಿತ್ತು. ತಪ್ಪಾತ್ರಿ."

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನೆಲ್ಲಿ ಸಿಗಬೇಕು? ನಾನು ನಿನ್ನ ಬೆನ್ನು ಸವರಿದೆ. "ಹೋಗ ಹುಚ್ಚಿ, ಅದನ್ನೆಲ್ಲ ನಾ ಯಾವಾಗೋ ಮರ್ತೇನಿ," ಎಂದೆ. ಹುಚ್ಚಿ ಎಂದೆ, ನಿನಗೆ. ನೀನು ಕಣ್ಣೊರೆಸಿಕೊಂಡು ಚಹಾ ಮಾಡಲು ಎದ್ದೆ. ಆ ಚಹಾವನ್ನೂ ಕುಡಿದು ಬಂದೆ.

ಬರುವ ರವಿವಾರ ಮತ್ತೆ ಬರುತ್ತೇನೆ. ಯಜಮಾನರನ್ನೂ ಕೂರಿಸಿಕೊಂಡು, ಇಲ್ಲಿ ಬರೆದದ್ದನ್ನೆಲ್ಲ ಬಾಯಿಂದ ಹೇಳುತ್ತೇನೆ. ನಿನ್ನನ್ನು ನೋಡುವ ಡಾಕ್ಟರಲ್ಲಿಗೂ ನಿಮ್ಮ ಜೊತೆ ಬಂದು ಹೇಳುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಹೊರಗೆ ನಿಂತೇ ಹೇಳುತ್ತೇನೆ. ಕ್ಷಮೆ ಕೇಳಲೆಂದು ಬರುತ್ತಿಲ್ಲ, ಸುಮಿತ್ರಾ. ಮೊನ್ನೆ ನಾನು ನಿನ್ನನ್ನು ಕ್ಷಮಿಸಿದೆನಲ್ಲ — ಅದನ್ನು ವಾಪಸ್ ತೆಗೆದುಕೊಳ್ಳಲು ಬರುತ್ತಿದ್ದೇನೆ.