ಪುಷ್ಪರಾಜಣ್ಣನ ಲಾಗಿನ್ನು

ಹೊಸನಗರದ ಬಸ್‌ಸ್ಟ್ಯಾಂಡ್ ಹತ್ರ ಜೆರಾಕ್ಸ್, ಸ್ಕ್ಯಾನಿಂಗ್ ಅಂಗಡಿ ನಡೆಸೋ ವಿಜಯಲಕ್ಷ್ಮೀ ಅಕ್ಕ ಅಂದ್ರೆ ನನಗೆ ಗೌರವವೂ ಹೌದು, ತಲೆನೋವೂ ಹೌದು. ನಾನು ದಿನೇಶ್, ಸಾಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡೋನು. ಅಕ್ಕನ ಗಂಡ ಪುಷ್ಪರಾಜಣ್ಣ ಹೋದ ವರ್ಷ ಅದೇ ಅಂಗಡೀಲಿ, ಸ್ಕ್ಯಾನರ್ ಮುಂದೆ ಕೂತಲ್ಲೇ ತೀರಿಕೊಂಡ್ರು. ಅವತ್ತು ಅವರ ಹೆಸರಲ್ಲಿ ತೆರೆದಿದ್ದ ಕಂಪ್ಯೂಟರನ್ನ ಈ ಮಹಾತಾಯಿ ಆಫ್ ಮಾಡೋಕೇ ಬಿಡಲಿಲ್ಲ. ಕರೆಂಟ್ ಹೋದ್ರೆ ಯುಪಿಎಸ್, ಅದೂ ಸೋತ್ರೆ ಪಕ್ಕದ ಬೇಕರಿಯವರ ಜನರೇಟರ್. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ, ಒಮ್ಮೆ ಮುಚ್ಚಿದ್ರೆ ಅವರ ಲಾಗಿನ್ನು ಮತ್ತೆ ತೆರೆಯೋ ಹಾಗಿಲ್ಲ. ಹೊಸದು ಹಾಕಿಕೊಡ್ತೀನಿ ಅಂದಿದ್ದಕ್ಕೆ, "ಅವರು ಇಟ್ಟಿದ್ದನ್ನ ಮುಟ್ಟೋಕೆ ನೀನ್ಯಾರೋ?" ಅಂತ ಬೈದ್ರು.

ಆದ್ರೆ ಬರಬರುತ್ತ, ಸ್ಕ್ಯಾನ್ ಮಾಡಿದ ಕಾಗದದ ಅಂಚಿಗೆಲ್ಲ ಒಂದು ಹೆಬ್ಬೆರಳಿನ ನೆರಳು ಬೀಳೋಕೆ ಶುರುವಾಯ್ತು. ಯಾರೋ ಕಾಗದ ಅಲುಗಾಡದ ಹಾಗೆ ಒತ್ತಿ ಹಿಡಿದಂಗೆ. ಗಾಜು ಒರೆಸಿದೆ, ಸ್ಕ್ಯಾನರನ್ನೇ ಬದಲಾಯಿಸಿದೆ, ಊಹೂಂ. ಗಿರಾಕಿಗಳು ಹೆದರಿ ಬೇರೆ ಕಡೆ ಹೋದ್ರು. ಅಂಗಡಿ ಮುಚ್ಚೋ ಗತಿ ಬಂದ ಮೇಲೆ ಅಕ್ಕ ಫೋನ್ ಮಾಡಿ, "ನನ್ನ ಹೆಸರಲ್ಲೇ ಒಂದು ಲಾಗಿನ್ ಮಾಡಿಕೊಡು ಮಾರಾಯ" ಅಂದ್ರು.

ಹೋಗಿ, ರಿಪೇರಿಗೆ ಅಂತ ನಾನು ಇಟ್ಟುಕೊಂಡಿದ್ದ ಲಾಗಿನ್ನಿಂದ, ಅಣ್ಣನದನ್ನ ಮುಚ್ಚದೆಯೇ ಮಾಡಿದೆ. ಸ್ಕ್ಯಾನ್ ಒತ್ತಿದ್ರೆ 'ಪರ್ಮಿಷನ್ ಡಿನೈಡ್', ಅನುಮತಿ ಇಲ್ಲ ಅಂತ. ಆ ಕಂಪ್ಯೂಟರ್ ಓಡೋ ಲಿನಕ್ಸ್‌ನಲ್ಲಿ ಇದು ಮಾಮೂಲು, ಸ್ಕ್ಯಾನರ್ ಬಳಸೋರ ಗುಂಪಿಗೆ ಅವರ ಹೆಸರು ಸೇರಿಸಬೇಕು ಅಷ್ಟೇ. ಸೇರಿಸಿ ಮತ್ತೆ ಲಾಗಿನ್ ಆದ್ರೆ, ಈಗ 'ಡಿವೈಸ್ ಬಿಜಿ', ಬೇರೆ ಯಾರೋ ಬಳಸ್ತಾ ಇದ್ದಾರೆ ಅಂತ! ಮಟಮಟ ಮಧ್ಯಾಹ್ನ. ಯಾರೂ ಮುಟ್ಟದೆ ಇದ್ರೂ ಸ್ಕ್ಯಾನರ್ ಒಳಗಿನ ದೀಪ ಆಚೀಚೆ ಓಡಾಡ್ತಾ ಇತ್ತು. ಪುಷ್ಪರಾಜಣ್ಣನ ಲಾಗಿನ್ನು ಅದನ್ನ ಬಿಟ್ಟೇ ಇರಲಿಲ್ಲ.

"ಅಕ್ಕ, ಅಣ್ಣನ್ನ ಲಾಗ್‌ಔಟ್ ಮಾಡದೆ ಆಗಲ್ಲ" ಅಂದೆ.

ಅವರು ಸ್ಕ್ಯಾನರ್ ಮೇಲೆ ಒಮ್ಮೆ ಕೈಯಾಡಿಸಿದ್ರು. ಆಮೇಲೆ ನನ್ನ ಕೈಯಿಂದ ಮೌಸ್ ಕಿತ್ಕೊಂಡು ತಾವೇ ಲಾಗ್‌ಔಟ್ ಒತ್ತಿದ್ರು.

"ಹೋಗಿ ಬನ್ನಿ, ರೀ."

ನನ್ನ ಮೈ ಜುಂ ಅಂತು. ಸಾವಿನ ಮನೆಯಿಂದ ಏಳೋವಾಗ ಕೂಡ 'ಬರ್ತೀವಿ' ಅನ್ನದೆ ಸುಮ್ನೆ ಎದ್ದು ಬರೋ ಜನ ನಾವು. ಹಾಗಂದ್ರೆ ಆ ಮನೆಗೆ ಮತ್ತೆ ಸಾವನ್ನ ಕರೆದಂಗೆ. ಸತ್ತವರಿಗೇ 'ಬನ್ನಿ' ಅನ್ನೋದುಂಟಾ?

ದೀಪ ನಿಂತಿತು. ಅಕ್ಕ ತಮ್ಮ ಹೆಸರಲ್ಲಿ ಒಂದು ಕಾಗದ ಸ್ಕ್ಯಾನ್ ಮಾಡಿದ್ರು. ಅಂಚು ಸಮೇತ ಶುಭ್ರವಾಗಿ ಬಂತು. ಅಂಗಡಿ ಉಳೀತು ಅಂತ ನನಗೆ ಸಮಾಧಾನ, ಅಕ್ಕ ಮಾತ್ರ ಆ ಖಾಲಿ ಅಂಚು ನೋಡ್ತಾ ಗಳಗಳ ಅತ್ತುಬಿಟ್ರು.

"ಅಯ್ಯೋ ಬಿಡಿ ಅಕ್ಕ, ರೂಢಿ. 'ಬನ್ನಿ' ಅಂತ ಬಾಯಿ ತಪ್ಪಿ ಬಂದಿದ್ದು" ಅಂದೆ.

"ತಪ್ಪಿ ಬಂದಿದ್ದಲ್ಲ ಮಾರಾಯ," ಅಂದ್ರು. "ಗೊತ್ತಿದ್ದೇ ಅಂದೆ."